ಗೂಗಲ್ ಆಡ್‌ಸೆನ್ಸ್: ರೇಷ್ಮೆಗೂಡಿನ ರೇಟಿನ ಪುಟದಲ್ಲಿ ಹಾಕಿ ನೋಡಿದ್ದು

ನಮ್ಮ ವೆಬ್‌ಸೈಟಿನಲ್ಲಿ ಜಾಹೀರಾತು ತೋರಿಸಿ ದುಡ್ಡು ಕೊಡುವ ಗೂಗಲ್‌ನ ಸೇವೆ ಆಡ್‌ಸೆನ್ಸ್. ಅದರ ಬಗ್ಗೆ ಕನ್ನಡದಲ್ಲಿ ಸಿಗುವ ವಿಡಿಯೊಗಳು ಮುಕ್ಕಾಲು ಪಾಲು "ಮನೇಲೇ ಕೂತು ತಿಂಗಳಿಗೆ ಲಕ್ಷ ದುಡೀರಿ" ಅಂತ ಶುರುವಾಗಿ, ಅವರದೇ ಕೋರ್ಸಿನ ಫೀಸಿಗೆ ಬಂದು ನಿಲ್ಲುತ್ತವೆ. ನನ್ನ ಹತ್ತಿರ ಮಾರೋದಕ್ಕೆ ಕೋರ್ಸಿಲ್ಲ. ಒಂದು ವೆಬ್‌ಸೈಟ್ ಇದೆ, ಅದರಲ್ಲಿ ಆಡ್‌ಸೆನ್ಸ್ ಇದೆ, ದುಡ್ಡೂ ಬರುತ್ತಿದೆ. ಲಕ್ಷ ಅಲ್ಲ. ಸರ್ವರ್ ಬಾಡಿಗೆ, ಡೊಮೇನ್ ಖರ್ಚು ಕಳೆದರೆ ಮನೆಯ ಕರೆಂಟ್ ಬಿಲ್ಲೂ ಮಗಳ ಟ್ಯೂಷನ್ ಫೀಸೂ ಹುಟ್ಟುತ್ತದೆ. ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಕಡಿಮೆಯಾದ ಒಂದೂವರೆಯ ಲೆಕ್ಕವನ್ನೂ ಕೊಡುತ್ತೇನೆ.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಮೇಲೂರು. ರಾಮನಗರ ಬಿಟ್ಟರೆ ರಾಜ್ಯದಲ್ಲಿ ದೊಡ್ಡ ರೇಷ್ಮೆಗೂಡಿನ ಮಾರ್ಕೆಟ್ಟು ಅಂದರೆ ಶಿಡ್ಲಘಟ್ಟದ್ದೇ. ಮನೆಯಲ್ಲಿ ಹುಳ ಸಾಕುತ್ತೇವೆ. ಮಾವನೂ ನಮ್ಮ ಯಜಮಾನರೂ ತೋಟ, ಹುಳಮನೆ ನೋಡಿಕೊಳ್ಳುತ್ತಾರೆ; ಬಿಸಿಎ ಓದಿದ್ದು ದಂಡ ಆಗಬಾರದು ಅಂತ ನಾನು ಸೈಟು ನೋಡಿಕೊಳ್ಳುತ್ತೇನೆ. ದಿನದ ಗೂಡಿನ ರೇಟು, ಅಂದರೆ ಸಿ.ಬಿ. (ಮಿಶ್ರತಳಿ ಗೂಡು) ಎಷ್ಟು, ಬೈವೋಲ್ಟೈನ್ (ದ್ವಿತಳಿ ಗೂಡು) ಎಷ್ಟು, ಕನಿಷ್ಠ, ಗರಿಷ್ಠ, ಸರಾಸರಿ. ಅದರ ಜೊತೆಗೆ ರೋಗಗಳ ಪುಟಗಳು, ಹಿಪ್ಪುನೇರಳೆ ತೋಟದ ಪುಟಗಳು, ಸಬ್ಸಿಡಿ ಅರ್ಜಿಯ ವಿವರ. ಇಷ್ಟೇ ಸೈಟು.

ಬರುವವರು ಯಾರು ಅನ್ನೋದನ್ನ ಹೇಳದೆ ಜಾಹೀರಾತಿನ ವಿಚಾರ ಮಾತಾಡಿ ಪ್ರಯೋಜನ ಇಲ್ಲ. ನನ್ನ ಓದುಗರು ಹೆಚ್ಚುಕಮ್ಮಿ ಎಲ್ಲರೂ ಮೊಬೈಲಿನವರು. ಹುಳಮನೆಯಲ್ಲಿ ನಿಂತು, ಕೈಗೆ ಸೊಪ್ಪಿನ ಹಾಲು ಅಂಟಿಕೊಂಡಿರುವಾಗಲೇ ಹೆಬ್ಬೆರಳಲ್ಲಿ ಒತ್ತಿ, ರೇಟು ನೋಡಿ, ಫೋನ್ ಜೇಬಿಗೆ ಹಾಕಿಕೊಳ್ಳುವವರು. ಸಿಗ್ನಲ್ ಒಂದು ಕಡ್ಡಿ. ಫೋನು ಹಳೇದು, ಮೆಮೊರಿ ತುಂಬಾ ಮದುವೆ ವಿಡಿಯೊ. ಅಂಥವರ ಕೈಗೆ ಜಾಹೀರಾತು ಕೊಟ್ಟು ದುಡ್ಡು ಮಾಡೋದು ಹೇಗೆ, ಅದೂ ಅವರ ಕಣ್ಣಿಗೆ ಮಣ್ಣೆರಚದೆ? ಆಡ್‌ಸೆನ್ಸನ್ನ ನಾನು ಅಳೆದಿರೋದು ಇದೇ ಪ್ರಶ್ನೆ ಇಟ್ಟುಕೊಂಡು.

ಗೊತ್ತಿಲ್ಲದವರಿಗೆ ಎರಡು ಮಾತು. ಆಡ್‌ಸೆನ್ಸ್ 2003ರಿಂದ ಇರುವ ಸೇವೆ. ನಿಮ್ಮ ಪುಟದಲ್ಲಿ ಒಂದು ಜಾಗ ಬಿಟ್ಟುಕೊಡುತ್ತೀರಿ. ಪುಟ ತೆರೆದ ಪ್ರತಿ ಸಲ ಆ ಜಾಗಕ್ಕೆ ಹರಾಜು ನಡೆದು, ಗೆದ್ದವನ ಜಾಹೀರಾತು ಕಾಣಿಸುತ್ತದೆ. ಜಾಹೀರಾತುದಾರ ಗೂಗಲ್ ಆಡ್ಸ್ ಮೂಲಕ 100 ರೂಪಾಯಿ ಖರ್ಚು ಮಾಡಿದ ಅನ್ನಿ. ಆ ಕಡೆಯ ಕಮಿಷನ್ ಸರಾಸರಿ 15 ರೂಪಾಯಿ ಹೋಗುತ್ತದೆ. ಉಳಿದ 85ರಲ್ಲಿ ಶೇ 80 ನಮಗೆ, ಅಂದರೆ 68 ರೂಪಾಯಿ. ಮೊದಲು ಸೀದಾ ಶೇ 68 ಅಂತಿತ್ತು. 2023ರ ಕೊನೆಯಲ್ಲಿ ಲೆಕ್ಕವನ್ನು ಹೀಗೆ ಎರಡು ಭಾಗ ಮಾಡಿ ಹೇಳಿದರು. ಅದರ ಜೊತೆಗೇ ಇನ್ನೊಂದು ಬದಲಾವಣೆ ಬಂತು. ಬಹುಪಾಲು ಯಾರಾದರೂ ಒತ್ತಿದರೆ ದುಡ್ಡು ಅನ್ನೋದು ಹೋಗಿ, ಜಾಹೀರಾತು ತೋರಿಸಿದ್ದಕ್ಕೆ ದುಡ್ಡು ಅನ್ನೋ ಕ್ರಮಕ್ಕೆ 2024ರ ಶುರುವಿನಲ್ಲಿ ತಿರುಗಿದರು. ಜನರಿಂದ ಹೇಗಾದರೂ ಮಾಡಿ ಒತ್ತಿಸಬೇಕು ಅನ್ನೋ ಚಪಲಕ್ಕೆ ಇದರಿಂದ ಅರ್ಧ ಬುಡವೇ ಕಳಚಿತು. ಹಳೇ ವಿಡಿಯೊಗಳಲ್ಲಿ ಇನ್ನೂ "ಕ್ಲಿಕ್ ಜಾಸ್ತಿ ಮಾಡಿಸೋ ಟ್ರಿಕ್" ಹೇಳಿಕೊಡುತ್ತಾರೆ. ನೋಡಬೇಡಿ.

ಅರ್ಜಿ ಹಾಕೋದು ಸುಲಭ, ಒಪ್ಪಿಗೆ ಸಿಗೋದು ಅಷ್ಟು ಸುಲಭ ಅಲ್ಲ. ಬರೀ ರೇಟಿನ ಕೋಷ್ಟಕ ಇಟ್ಟುಕೊಂಡು ಹೋದರೆ "ಬೆಲೆಯಿಲ್ಲದ ವಿಷಯ" ಅಂತ ವಾಪಸ್ ಕಳಿಸುವ ಸಾಧ್ಯತೆ ಹೆಚ್ಚು. ಸ್ವಂತದ್ದು ಅಂತ ಬರೆದಿರಬೇಕು. ನನ್ನ ಸೈಟಿನಲ್ಲಿ ಎರಡನೇ ಜ್ವರ, ನಾಲ್ಕನೇ ಜ್ವರದ (ಹುಳ ಪೊರೆ ಕಳಚುವ ಸಮಯ) ಹೊತ್ತಿಗೆ ಸೊಪ್ಪು ಯಾವಾಗ ನಿಲ್ಲಿಸಬೇಕು, ಚಂದ್ರಿಕೆಗೆ (ಹುಳ ಗೂಡು ಕಟ್ಟುವ ತಟ್ಟಿ) ಹುಳ ಬಿಡುವಾಗ ಗಾಳಿ ಎಷ್ಟಿರಬೇಕು ಅಂತೆಲ್ಲ ಮಾವನನ್ನು ಕೇಳಿ ಬರೆದ ಪುಟಗಳಿದ್ದವು. ಅವು ನೆರವಾದವು ಅಂತಲೇ ನನ್ನ ನಂಬಿಕೆ.

ಇನ್ನು ಜಾಗದ ವಿಚಾರ. ಇದೇ ಮುಖ್ಯ, ಇಲ್ಲಿ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ.

ರೇಟಿನ ಪುಟ ತೆರೆದರೆ ಮೇಲೆ ತಾರೀಖು, ಅದರ ಕೆಳಗೆ ಎರಡು ಗುಂಡಿ: "ಸಿ.ಬಿ.", "ಬೈವೋಲ್ಟೈನ್". ಅದರ ಕೆಳಗೆ ಕೋಷ್ಟಕ. ಎಲ್ಲರೂ ಹೇಳೋ ಬುದ್ಧಿಮಾತು ಏನೆಂದರೆ, ಪುಟದ ತಲೆಯ ಮೇಲೇ ಜಾಹೀರಾತು ಹಾಕು, ಎಲ್ಲರ ಕಣ್ಣಿಗೆ ಮೊದಲು ಬೀಳುತ್ತೆ. ಬೀಳೋದಿಲ್ಲ. ಪುಟ ಬಂದ ತಕ್ಷಣ ಜನ ಕೆಳಗೆ ತಳ್ಳುತ್ತಾರೆ, ತಲೆಯ ಮೇಲಿನ ಜಾಹೀರಾತು ಪೂರ್ತಿ ಬರುವಷ್ಟರಲ್ಲಿ ಅದು ತೆರೆಯಿಂದ ಆಚೆ ಹೋಗಿರುತ್ತದೆ. 2014ರಲ್ಲಿ ಗೂಗಲ್ಲೇ ಹೊರಗೆ ಬಿಟ್ಟ ಅಧ್ಯಯನದಲ್ಲಿ ಶೇ 56.1ರಷ್ಟು ಜಾಹೀರಾತುಗಳು ಯಾರ ಕಣ್ಣಿಗೂ ಬೀಳದೆ ಹೋಗಿದ್ದವು. ಚೆನ್ನಾಗಿ ಕಂಡ ಜಾಗ ಪುಟದ ತಲೆಯಲ್ಲ, ಮೊದಲ ತೆರೆ ಮುಗಿಯುವ ಅಂಚಿಗೆ ಸ್ವಲ್ಪ ಮೇಲೆ. "ಕಂಡಿದೆ" ಅನ್ನೋದಕ್ಕೂ ಜಾಹೀರಾತು ಲೋಕದಲ್ಲಿ ಒಂದು ಅಳತೆ ಇದೆ: ಜಾಹೀರಾತಿನ ಅರ್ಧ ಭಾಗವಾದರೂ ಒಂದು ಸೆಕೆಂಡಾದರೂ ತೆರೆಯ ಮೇಲಿರಬೇಕು. ಅಷ್ಟೂ ಇರದ ಜಾಗಕ್ಕೆ ದುಡ್ಡು ಕೊಡೋಕೆ ಜಾಹೀರಾತುದಾರನಿಗೇನು ಹುಚ್ಚೆ?

ನಾನು ಹಾಕಿರೋದು ಕೋಷ್ಟಕ ಮುಗಿದ ಮೇಲೆ, "ನಿನ್ನೆಯ ರೇಟು" ಶುರುವಾಗುವ ಮುಂಚೆ. 300 ಅಗಲ 250 ಎತ್ತರದ ಚೌಕ. ಇಲ್ಲೇ ಯಾಕೆ ಅಂದರೆ, ಓದುಗ ತಾನು ಬಂದ ಕೆಲಸ ಮುಗಿಸಿ ಒಂದು ಗಳಿಗೆ ನಿಲ್ಲುವ ಜಾಗ ಇದು. ಇವತ್ತಿನ ರೇಟು ನೋಡಿದ, ಮನಸ್ಸಲ್ಲೇ ತನ್ನ ಗೂಡಿನ ತೂಕಕ್ಕೆ ಗುಣಿಸುತ್ತಾನೆ. ಆ ಗುಣಾಕಾರದ ಹೊತ್ತಿನಲ್ಲಿ ಜಾಹೀರಾತು ತೆರೆಯ ಮೇಲಿರುತ್ತದೆ. ಅವನ ದಾರಿಗೆ ಅದು ಅಡ್ಡ ಬಂದಿಲ್ಲ, ಅವನೂ ಅದನ್ನ ಶಪಿಸಿಲ್ಲ. ನನ್ನ ಖಾತೆಯಲ್ಲಿ ಎಲ್ಲ ಜಾಗಗಳ ಪೈಕಿ ಹೆಚ್ಚು ದುಡಿಯೋದು ಈ ಒಂದು ಚೌಕವೇ.

ಗುಂಡಿಗಳ ಹತ್ತಿರ ಮಾತ್ರ ಹಾಕಬೇಡಿ. ಆ ಎರಡು ಗುಂಡಿಯ ಮೇಲೋ ಕೆಳಗೋ ಒಂದು ಪಟ್ಟಿ ಹಾಕಿದರೆ ಏನಾಗುತ್ತದೆ ಅಂದರೆ, ಪುಟ ಮೊದಲು ಬರುತ್ತದೆ, ಜಾಹೀರಾತು ಎರಡು ಸೆಕೆಂಡ್ ತಡವಾಗಿ ಬರುತ್ತದೆ. ರೈತ "ಬೈವೋಲ್ಟೈನ್" ಒತ್ತೋಕೆ ಹೆಬ್ಬೆರಳು ಇಳಿಸುವ ಹೊತ್ತಿಗೆ ಸರಿಯಾಗಿ ಜಾಹೀರಾತು ಬಂದು ಗುಂಡಿಯನ್ನ ಕೆಳಕ್ಕೆ ತಳ್ಳುತ್ತದೆ, ಬೆರಳು ಜಾಹೀರಾತಿನ ಮೇಲೆ ಬೀಳುತ್ತದೆ. ಅವನಿಗೆ ಬೇಕಿದ್ದದ್ದು ಗೂಡಿನ ರೇಟು, ಸಿಕ್ಕಿದ್ದು ಯಾವುದೋ ಷೇರು ಆ್ಯಪು. ಇದನ್ನೇ ಜಾಣತನ ಅಂದುಕೊಂಡವರಿದ್ದಾರೆ. ಗೂಗಲ್‌ನವರ ನಿಯಮದಲ್ಲಿ ಇದು ಸ್ಪಷ್ಟವಾಗಿ ತಪ್ಪು: ಮೆನು, ಪ್ಲೇ ಗುಂಡಿ, ಡೌನ್‌ಲೋಡ್ ಗುಂಡಿಗಳಿಗೆ ಅಂಟಿಸಿ ಜಾಹೀರಾತು ಇಡುವಂತಿಲ್ಲ. ಕೈತಪ್ಪಿ ಬಿದ್ದ ಒತ್ತುಗಳು ಜಾಸ್ತಿ ಅಂತ ಅವರ ಯಂತ್ರಕ್ಕೆ ಅನ್ನಿಸಿದರೆ, ಒಂದು ಸಲ ಒತ್ತಿದರೆ ಸಾಲದು, "ಸೈಟಿಗೆ ಹೋಗಿ" ಅಂತ ಎರಡನೇ ಸಲ ಒತ್ತಿಸುವ ವ್ಯವಸ್ಥೆ ನಿಮ್ಮ ಜಾಹೀರಾತಿಗೆ ಬಂದು ಕೂರುತ್ತದೆ. ಸಂಪಾದನೆಯಲ್ಲೂ ಕಡಿತ. ಜೋರಾದರೆ ಖಾತೆಯೇ ಬಂದ್.

ಇದಕ್ಕೆ ಉಪಾಯ ಸರಳ. ಜಾಹೀರಾತು ಬರುವ ಜಾಗವನ್ನ ಮೊದಲೇ ಅಳತೆ ಹಾಕಿ ಖಾಲಿ ಬಿಡೋದು. ನನ್ನ ಪುಟದಲ್ಲಿ ಆ ಚೌಕಕ್ಕೆ 280 ಪಿಕ್ಸೆಲ್ ಎತ್ತರ ಕಾದಿರಿಸಿದ್ದೇನೆ, 250 ಜಾಹೀರಾತಿಗೆ, ಮಿಕ್ಕಿದ್ದು ಮೇಲಿನ "ಜಾಹೀರಾತು" ಅನ್ನೋ ಸಣ್ಣ ಅಕ್ಷರಕ್ಕೆ. ಜಾಹೀರಾತು ಬಂದರೂ ಬರದಿದ್ದರೂ ಕೆಳಗಿನ ಸಾಲು ಅಲ್ಲಾಡಲ್ಲ. ಪುಟ ಹೀಗೆ ಕುಣಿಯೋದನ್ನ ಅಳೆಯೋ ಅಂಕಿಗೆ ಸಿಎಲ್‌ಎಸ್ ಅನ್ನುತ್ತಾರೆ, 0.1ರೊಳಗೆ ಇರಬೇಕು ಅನ್ನೋದು ಗೂಗಲ್ ಸರ್ಚಿನವರ ಅಳತೆ. 2021ರಿಂದ ಹುಡುಕಾಟದಲ್ಲಿ ಯಾರು ಮೇಲೆ ಬರಬೇಕು ಅನ್ನೋ ಲೆಕ್ಕಕ್ಕೂ ಇದನ್ನ ಸೇರಿಸಿಕೊಂಡಿದ್ದಾರೆ. ಅಂದರೆ ಓದುಗನ ಬೆರಳು ಕಾಪಾಡಿದರೆ ಹುಡುಕಾಟದಲ್ಲೂ ಪುಟಕ್ಕೆ ಒಳ್ಳೇದೇ.

ಹೆಸರು ಹಾಕುವ ವಿಚಾರಕ್ಕೂ ನಿಯಮ ಇದೆ. ಜಾಹೀರಾತಿನ ಮೇಲೆ "ಜಾಹೀರಾತು" ಅಂತಲೋ "ಪ್ರಾಯೋಜಿತ ಲಿಂಕ್" ಅಂತಲೋ ಬರೆಯಬಹುದು. "ಇದನ್ನೂ ಓದಿ", "ಇವತ್ತಿನ ಒಳ್ಳೆ ಆಫರ್" ಅಂತ ಬರೆದು ಮರೆಮಾಚುವಂತಿಲ್ಲ. ಬಾಣದ ಗುರುತು ಹಾಕುವಂತಿಲ್ಲ, ಪಕ್ಕದಲ್ಲಿ ಹೊಂದುವ ಚಿತ್ರ ಇಟ್ಟು ಮೋಸ ಮಾಡುವಂತಿಲ್ಲ, "ನಮಗೆ ಸಹಾಯ ಮಾಡಿ, ಜಾಹೀರಾತು ಒತ್ತಿ" ಅಂತ ಬೇಡುವಂತೆಯೂ ಇಲ್ಲ. ಈ ಕೊನೆಯದನ್ನ ನಮ್ಮ ಮನೆಯಲ್ಲೂ ಹೇಳಿ ಒಪ್ಪಿಸಬೇಕಾಯಿತು. ಸೈಟಲ್ಲಿ ದುಡ್ಡು ಬರುತ್ತೆ ಅಂತ ಗೊತ್ತಾದ ಮೇಲೆ ನಮ್ಮ ನಾದಿನಿ "ಅತ್ತಿಗೆ, ನಾವೆಲ್ಲ ದಿನಾ ಒತ್ತಿ ಕೊಡ್ತೀವಿ ಬಿಡಿ" ಅಂದಳು. ಪ್ರೀತಿಯಿಂದಲೇ ಅಂದಿದ್ದು. ಮನೆಯವರ ಫೋನುಗಳಲ್ಲಿ ನನ್ನ ಸೈಟಿನ ಜಾಹೀರಾತು ಯಾರೂ ಮುಟ್ಟಬಾರದು ಅಂತ ಅವತ್ತೇ ಕಟ್ಟಪ್ಪಣೆ ಮಾಡಿದೆ.

ರೋಗದ ಪುಟಗಳಲ್ಲಿ ನನ್ನ ಕ್ರಮ ಬೇರೆ. "ಹಾಲು ರೋಗ", "ಸಪ್ಪೆ ರೋಗ", "ಸುಣ್ಣಕಟ್ಟು" ಅಂತ ಹುಡುಕಿಕೊಂಡು ಬರುವವನು ಸುಮ್ಮನೆ ಓದೋಕೆ ಬಂದಿರಲ್ಲ. ಐದನೇ ಹಂತಕ್ಕೆ ಬಂದ ಹುಳ, ತಿನ್ನೋ ಸೊಪ್ಪಿನಲ್ಲಿ ಬಹುಪಾಲು ಆ ಹಂತದಲ್ಲೇ ತಿಂದು ಮುಗಿಸಿರುತ್ತೆ. ಇನ್ನೇನು ಗೂಡು ಕಟ್ಟಬೇಕು ಅನ್ನೋವಾಗ ತಟ್ಟೆಯಲ್ಲಿ ಮೈ ಉಬ್ಬಿದ ಹುಳ ಕಾಣಿಸಿರುತ್ತದೆ. ಅವನ ಎದೆ ಬಡಿತ ನನಗೆ ಗೊತ್ತು, ನಮ್ಮ ಮನೆಯಲ್ಲೂ ಆಗಿದೆ. ಆ ಪುಟದಲ್ಲಿ ಲಕ್ಷಣ, ರೋಗದ ಹುಳ ಆರಿಸಿ ಸುಣ್ಣದಲ್ಲಿ ಹೂಳುವ ಕ್ರಮ, ಹುಳಮನೆ ತೊಳೆಯಲು ಶೇ 2 ಬ್ಲೀಚಿಂಗ್ ಪೌಡರನ್ನ ಶೇ 0.3 ಸುಣ್ಣದ ನೀರಲ್ಲಿ ಬೆರೆಸುವ ಅಳತೆ, ಇವೆಲ್ಲ ಮುಗಿಯೋ ತನಕ ಒಂದೇ ಒಂದು ಜಾಹೀರಾತಿಲ್ಲ. ಗಾಬರಿಯಲ್ಲಿರುವವನ ಮುಂದೆ ಮೊದಲು "ತಕ್ಷಣ ಗುಣ" ಅನ್ನೋ ಪ್ಯಾಕೆಟ್ಟಿನ ಚಿತ್ರ ಬಂದರೆ ಅವನು ಅದನ್ನೇ ಮದ್ದು ಅಂದುಕೊಳ್ಳುತ್ತಾನೆ, ಮೇಲೆ ಎಷ್ಟು ದಪ್ಪಕ್ಷರದಲ್ಲಿ "ಜಾಹೀರಾತು" ಅಂತ ಬರೆದರೂ ಅಷ್ಟೇ. ಕೊನೆಯಲ್ಲಿ ಒಂದು ಇದೆ. ಆ ಪುಟಗಳ ಸಂಪಾದನೆ ಕಡಿಮೆ, ಇರಲಿ. ಆದರೆ ಒಂದು ಸಲ ರೋಗದ ಪುಟಕ್ಕೆ ಬಂದು ಕೆಲಸ ಆದವನು ಮಾರನೇ ದಿನದಿಂದ ರೇಟು ನೋಡೋಕೂ ನನ್ನ ಸೈಟಿಗೇ ಬರುತ್ತಾನೆ.

ಆಟೋ ಆಡ್ಸ್ ಅಂತ ಒಂದು ಸೌಲಭ್ಯ ಇದೆ. ಒಂದು ಗುಂಡಿ ಆನ್ ಮಾಡಿದರೆ ಜಾಗವನ್ನ ಯಂತ್ರವೇ ಹುಡುಕಿಕೊಳ್ಳುತ್ತದೆ. ಪುರುಸೊತ್ತಿಲ್ಲದವರಿಗೆ ಅನುಕೂಲ. ನನಗೆ ಬೇಡ. ಯಾಕೆಂದರೆ ಯಾವ ಸಾಲಿನ ನಡುವೆ ಓದುಗನ ಉಸಿರು ಸಿಕ್ಕಿಹಾಕಿಕೊಂಡಿರುತ್ತದೆ ಅನ್ನೋದು ಯಂತ್ರಕ್ಕೆ ತಿಳಿಯೋ ವಿಷಯ ಅಲ್ಲ. ಪುಟದಿಂದ ಪುಟಕ್ಕೆ ಹೋಗುವಾಗ ತೆರೆ ತುಂಬಾ ಬರುವ ಜಾಹೀರಾತನ್ನೂ ಆಫ್ ಮಾಡಿದ್ದೇನೆ. ಕೆಳಗೆ ಅಂಟಿಕೊಂಡಿರುವ ಸಣ್ಣ ಪಟ್ಟಿ ಒಂದನ್ನ ಉಳಿಸಿಕೊಂಡಿದ್ದೇನೆ, ಓದುಗ ಬೇಡವೆಂದರೆ ಅದನ್ನ ಕೆಳಕ್ಕೆ ಮಡಚಬಹುದು. ಪ್ರತಿ ಸೌಲಭ್ಯಕ್ಕೂ ಬೇರೆ ಬೇರೆ ಸ್ವಿಚ್ ಕೊಟ್ಟಿರೋದು, ಪುಟವಾರು ಬೇಡ ಅನ್ನೋಕೂ ಅವಕಾಶ ಇರೋದು ಈ ಸೇವೆಯ ದೊಡ್ಡ ಗುಣ. ಅದಕ್ಕೇ ಪೂರ್ತಿ ಒಂದು ಸ್ಟಾರ್.

ಎರಡನೇ ಗುಣ, ತಡೆಯುವ ಹಕ್ಕು. ಯಾವ ಜಾತಿಯ ಜಾಹೀರಾತು ಬೇಡ ಅಂತ ನಾವೇ ಪಟ್ಟಿಯಲ್ಲಿ ಗುರುತು ಹಾಕಬಹುದು. ಜೂಜು, ದಿಢೀರ್ ಶ್ರೀಮಂತಿಕೆ, ಜ್ಯೋತಿಷ್ಯ-ಮಾಟಮಂತ್ರ, ಮೂರನ್ನೂ ಮೊದಲ ದಿನವೇ ತೆಗೆದೆ. ಹುಳ ಹೋಗಿ ಸಾಲ ಮಾಡಿಕೊಂಡವನ ಮುಂದೆ ವಶೀಕರಣದವನ ಫೋನ್ ನಂಬರ್ ತೋರಿಸಿ ನನಗೆ ಬರೋ ನಾಲ್ಕಾಣೆ ಯಾರಿಗೆ ಬೇಕು? ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೂ ಅವುಗಳ ಜಾಹೀರಾತಿಗೂ 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನೇ ತಡೆ ಹಾಕಿತು, ರಮ್ಮಿ ಕಾಟಕ್ಕೆ ಅದರಿಂದ ಒಂದು ದಾರಿಯಾಯಿತು. ಸಾಲದ ಆ್ಯಪುಗಳ ವಿಚಾರದಲ್ಲಿ ಮಾತ್ರ ಕಣ್ಣಿಟ್ಟಿರಬೇಕು. ಆಡ್ ರಿವ್ಯೂ ಸೆಂಟರ್ ಅನ್ನೋ ಕಡೆ ಹೋದರೆ ನಮ್ಮ ಪುಟದಲ್ಲಿ ಬಂದ ಜಾಹೀರಾತುಗಳ ಚಿತ್ರಗಳೇ ಕಾಣುತ್ತವೆ, ಒಂದೊಂದನ್ನೇ ಆರಿಸಿ ಬೇಡ ಅನ್ನಬಹುದು. ಭಾನುವಾರ ಮಧ್ಯಾಹ್ನ, ಎರಡನೇ ಸೊಪ್ಪು ಕೊಟ್ಟಾದ ಮೇಲೆ, ನಾನು ಕೂತು ಆರಿಸೋದು ಇದನ್ನೇ. ಅಕ್ಕಿ ಆರಿಸಿದ ಹಾಗೆ.

ಈಗ ಕಡಿಮೆಯಾದ ಸ್ಟಾರಿನ ಕಡೆ ಬರೋಣ.

ಕನ್ನಡದ ಪುಟಕ್ಕೆ ಸಿಗುವ ದರ ಕಡಿಮೆ. ಇಂಗ್ಲಿಷಿನಲ್ಲಿ ಅಮೆರಿಕದ ಓದುಗರಿಗೆ ಬರೆಯುವವರ ದರ ನೋಡಿ ಲೆಕ್ಕ ಹಾಕಿಕೊಂಡು ಬಂದರೆ ನಿರಾಸೆಯೇ. ಹಿಂದಿ ಪುಟಗಳಿಗೆ ಆಡ್‌ಸೆನ್ಸ್ 2014ರಲ್ಲೇ ಬಂತು, ತಮಿಳು, ತೆಲುಗಿಗೆ 2018ರಲ್ಲಿ, ಕನ್ನಡದ ಸರದಿ ಅವೆಲ್ಲ ಆದ ಮೇಲೆ. ಈಗ ಕನ್ನಡ ಅವರ ಪಟ್ಟಿಯಲ್ಲಿದೆ ನಿಜ. ಆದರೆ ಹರಾಜು ಅಂದ ಮೇಲೆ ಕೂಗುವವರು ಇರಬೇಕಲ್ಲ? ರೀಲರುಗಳು (ಗೂಡು ಕೊಂಡು ನೂಲು ತೆಗೆಯುವವರು) ಕಡಿಮೆ ಬಂದ ದಿನ ಮಾರ್ಕೆಟ್ಟಿನಲ್ಲಿ ಎಂಥ ಒಳ್ಳೇ ಲಾಟಿಗೂ ರೇಟು ಏರಲ್ಲ, ಇಲ್ಲೂ ಅದೇ. ಕನ್ನಡದಲ್ಲಿ ಜಾಹೀರಾತು ಬರೆಸಿ ಹರಾಜಿಗೆ ಬರುವ ಕಂಪನಿಗಳು ಕಡಿಮೆ. ಬಂದವರೂ ಬೆಂಗಳೂರಿನ ಓದುಗ ಬೇಕು ಅನ್ನುವವರು. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೈತ ಯಾರಿಗೆ ಬೇಕು ಅನ್ನೋದನ್ನ ಅವರಿನ್ನೂ ಯೋಚಿಸಿಲ್ಲ. ಇದು ಸೇವೆಯ ತಪ್ಪಲ್ಲ, ಆದರೆ ಸೇವೆ ಬಳಸುವವರಿಗೆ ಅನುಭವಿಸೋದು ತಪ್ಪಿದ್ದಲ್ಲ. ಅರ್ಧ ಸ್ಟಾರ್ ಹೋಯಿತು.

ಇನ್ನರ್ಧ, ಮಾತಾಡೋಕೆ ಮನುಷ್ಯರು ಸಿಗಲ್ಲ ಅನ್ನೋದಕ್ಕೆ. ವಾರಕ್ಕೆ 25 ಡಾಲರಿಗಿಂತ ಹೆಚ್ಚು ತರುವ ಖಾತೆಗಳಿಗೆ ಇಮೇಲ್ ಮೂಲಕ ಕೇಳೋ ಅವಕಾಶ, ಅದಕ್ಕಿಂತ ಸಣ್ಣವರು ಸಹಾಯದ ಪುಟಗಳನ್ನ ಓದಿಕೊಂಡೇ ದಾರಿ ಹುಡುಕಬೇಕು. ಆ ಪುಟಗಳು ಚೆನ್ನಾಗಿವೆ, ಇಲ್ಲ ಅನ್ನಲ್ಲ. ಇಂಗ್ಲಿಷ್ ಬಾರದವರಿಗೆ ಕಷ್ಟ.

ಮಿಕ್ಕ ಅರ್ಧ, ದುಡ್ಡು ಕೈಗೆ ಬರುವ ದಾರಿಯ ಉದ್ದಕ್ಕೆ. ಖಾತೆಯಲ್ಲಿ 10 ಡಾಲರ್ ಆದಾಗ ವಿಳಾಸ ಖಚಿತಪಡಿಸಿಕೊಳ್ಳಲು ಆರಂಕಿಯ ಪಿನ್ ಒಂದನ್ನ ಅಂಚೆಯಲ್ಲಿ ಕಳಿಸುತ್ತಾರೆ. ಹೌದು, ಕಾಗದದಲ್ಲಿ. ನಾಲ್ಕು ತಿಂಗಳೊಳಗೆ ಅದನ್ನ ಹಾಕದಿದ್ದರೆ ಜಾಹೀರಾತು ನಿಲ್ಲುತ್ತದೆ. ಹಳ್ಳಿಯವರು ವಿಳಾಸದಲ್ಲಿ ಮನೆಯ ಹಿರಿಯರ ಹೆಸರನ್ನ ಕೇರಾಫ್ ಅಂತ ಸೇರಿಸಿ. ನಮ್ಮ ಪೋಸ್ಟ್‌ಮ್ಯಾನ್‌ಗೆ ಗೊತ್ತಿರೋದು ಮಾವನ ಹೆಸರು, ನನ್ನದಲ್ಲ. ಆಮೇಲೆ 100 ಡಾಲರ್ ತುಂಬೋ ತನಕ ಕಾಯಬೇಕು. ಸಣ್ಣ ಸೈಟಿಗೆ ಅದು ತಿಂಗಳಾನುಗಟ್ಟಲೆಯ ಮಾತು. ತುಂಬಿದರೆ ಮುಂದಿನ ತಿಂಗಳ 21ರಿಂದ 26ರೊಳಗೆ ಬ್ಯಾಂಕಿಗೆ ಕಳಿಸುತ್ತಾರೆ. ವಿದೇಶದ ದುಡ್ಡಾದ್ದರಿಂದ ಬ್ಯಾಂಕಿನವರು ಯಾವ ಬಾಬ್ತು ಅಂತ ಕೇಳುತ್ತಾರೆ. ಜಾಹೀರಾತು ಸೇವೆಯ ಕೋಡ್ ಪಿ1007, ಬರೆದಿಟ್ಟುಕೊಳ್ಳಿ, ಕೌಂಟರಿನಲ್ಲಿ ಕೂತವರು ಪಟ್ಟಿ ಹುಡುಕುವ ಹೊತ್ತು ಉಳಿಯುತ್ತದೆ. ಪ್ರತಿ ಸಲದ ಬ್ಯಾಂಕ್ ಕಮಿಷನ್ ನೋವು ಅನ್ನಿಸಿದರೆ, 100ರ ಬದಲು 300 ಆದಾಗ ಕಳಿಸಿ ಅಂತ ಮಿತಿಯನ್ನ ನೀವೇ ಏರಿಸಿಕೊಳ್ಳಬಹುದು. ಆದಾಯ ತೆರಿಗೆ ರಿಟರ್ನಿನಲ್ಲಿ ತೋರಿಸೋದು ಮರೆಯಬೇಡಿ, ಡಾಲರಿನಲ್ಲಿ ಬಂದರೂ ಅದು ಆದಾಯವೇ.

ಇದಕ್ಕಿಂತ ಹೆಚ್ಚು ಕೊಡ್ತೀವಿ ಅನ್ನುವವರು ಇಲ್ಲವೇ ಅಂತ ಕೇಳುತ್ತೀರಿ. ಇದ್ದಾರೆ, ಫೋನ್ ಮಾಡುತ್ತಾರೆ. ಹೆಸರು ಬೇಡ. "ಮೇಡಂ, ನಿಮ್ಮ ಟ್ರಾಫಿಕ್ಕಿಗೆ ಮೂರು ಪಟ್ಟು ಗ್ಯಾರಂಟಿ, ಒಂದು ಸಾಲು ಕೋಡ್ ಹಾಕಿದ್ರೆ ಸಾಕು" ಅಂದರು ಒಬ್ಬರು. ನಿಮ್ಮದನ್ನ ಹಾಕಿಕೊಂಡಿರೋ ಸೈಟು ಯಾವುದಾದರೂ ತೋರಿಸಿ ಅಂದೆ. ತರಕಾರಿ ರೇಟಿನ ಸೈಟೊಂದರ ಲಿಂಕ್ ಕಳಿಸಿದರು. ಮಾವನ ಫೋನಿನಲ್ಲಿ ತೆಗೆದೆ. ಟೊಮೆಟೊ ಅಂತ ಇದ್ದದ್ದನ್ನ ಒತ್ತಿದರೆ ಹಿಂದೆ ಇನ್ನೊಂದು ಪುಟ ತೆರೆದುಕೊಂಡು "ನಿಮ್ಮ ಫೋನಿನಲ್ಲಿ ವೈರಸ್ ಇದೆ" ಅಂತ ಕೂಗಿಕೊಂಡಿತು, ಫೋನು ಗಡಗಡ ನಡುಗಿತು. ಹಿಂದಕ್ಕೆ ಹೋಗೋಣ ಅಂದರೆ ಬಿಡಲಿಲ್ಲ. ಮಾವ ಕನ್ನಡಕ ಹಾಕಿಕೊಂಡು ನೋಡಿ, "ಇದೇನಮ್ಮಾ, ಫೋನ್ ಕೆಟ್ಟೋಯ್ತಾ? ಈಗಿನ್ನ ಮೊನ್ನೆ ರಿಪೇರಿ ಮಾಡ್ಸಿದ್ದು" ಅಂದರು. ಆ ಏಜೆಂಟರಿಗೆ ನಾನು ಮತ್ತೆ ಫೋನ್ ಮಾಡಲಿಲ್ಲ. ಅಂದಹಾಗೆ, ಇಂಥ ಹಾರಿಬರುವ ಪುಟಗಳು, ದನಿ ಸಮೇತ ತಾನೇ ಶುರುವಾಗುವ ವಿಡಿಯೊ, ಮೊಬೈಲ್ ಪುಟದ ಶೇ 30ಕ್ಕಿಂತ ಹೆಚ್ಚು ಜಾಗ ತಿನ್ನೋ ಜಾಹೀರಾತು, ಇವನ್ನೆಲ್ಲ "ಬೆಟರ್ ಆಡ್ಸ್" ಅನ್ನೋ ಒಕ್ಕೂಟ 2017ರಲ್ಲೇ ಬೇಡದ ಪಟ್ಟಿಗೆ ಸೇರಿಸಿದೆ. ಪದೇ ಪದೇ ಮೀರುವ ಸೈಟುಗಳಲ್ಲಿ ಕ್ರೋಮ್ ಬ್ರೌಸರು ಎಲ್ಲ ಜಾಹೀರಾತನ್ನೂ ತಡೆಯುತ್ತದೆ. 2018ರಲ್ಲಿ ಶುರುವಾಗಿ 2019ರಿಂದ ಎಲ್ಲ ದೇಶಗಳಿಗೂ ಬಂದಿದೆ. ಮೂರು ಪಟ್ಟಿನ ಆಸೆಗೆ ಹೋದರೆ ಇದ್ದದ್ದೂ ಹೋಗುತ್ತದೆ.

ನಿಜವಾಗಿ ಹೆಚ್ಚು ಕೊಡೋದು ಊರಿನ ಜಾಹೀರಾತು. ಆಡ್‌ಸೆನ್ಸ್ ಇದ್ದ ಪುಟದಲ್ಲೇ ನಮ್ಮ ನೇರ ಜಾಹೀರಾತು ಹಾಕೋಕೆ ಅಡ್ಡಿ ಇಲ್ಲ, ಗೂಗಲ್ ಜಾಹೀರಾತಿನ ವೇಷ ಹಾಕಿಸಬಾರದು ಅಷ್ಟೆ. ಚಾಕಿ ಕೇಂದ್ರ (ಮರಿಹುಳ ಸಾಕಿ ಕೊಡುವವರು), ನೇತ್ರಿಕೆ (ಪ್ಲಾಸ್ಟಿಕ್ ಚಂದ್ರಿಕೆ) ಮಾರುವವರು, ಹನಿ ನೀರಾವರಿ ಪೈಪಿನವರು, ಸಸಿ ಬೆಳೆಸುವವರು: ಇವರಿಗೆ ಬೇಕಿರೋದು ನನ್ನ ಓದುಗನೇ. ತಿಂಗಳಿಗೆ 1,500 ರೂಪಾಯಿ, ರೇಟಿನ ಪುಟದಲ್ಲಿ "ನಿನ್ನೆಯ ರೇಟು" ಆದ ಮೇಲೆ ಒಂದು ಚೌಕ, ಅದನ್ನ ಒತ್ತಿದರೆ ಸೀದಾ ಅಂಗಡಿಗೆ ಫೋನು. ಚಾಕಿ ಕೇಂದ್ರದವರಾದರೆ ನೋಂದಣಿ ಪತ್ರ ತೋರಿಸಬೇಕು ಅನ್ನೋದು ನನ್ನ ಷರತ್ತು. ರೇಷ್ಮೆ ಬಿತ್ತನೆಯವರಿಗೆ ನೋಂದಣಿ ಬೇಕು ಅನ್ನೋ ಕೇಂದ್ರ ಕಾನೂನು ತಿದ್ದುಪಡಿ 2006ರಲ್ಲೇ ಆಗಿದೆ, ಪತ್ರ ಇಲ್ಲದವರ ಹುಳ ತಂದು ಬೆಳೆ ಹೋದರೆ ಯಾರು ಹೊಣೆ?

ಒಬ್ಬ ಔಷಧಿ ಅಂಗಡಿಯವರು ಬಂದಿದ್ದರು. ವಯಸ್ಸಾದವರು, ಮಾವನ ಪರಿಚಯ. ಚೌಕದ ಮೇಲೆ "ಜಾಹೀರಾತು" ಅಂತ ಇದ್ದದ್ದು ಅವರಿಗೆ ಸರಿಬರಲಿಲ್ಲ.

"ಏನಮ್ಮಾ, ಹಿಂಗೆ ಹಣೆ ಮೇಲೆ ಬರೆದ್ರೆ ಯಾರು ಒತ್ತುತಾರೆ? ಸುದ್ದಿ ಥರ ಬರಿ. ನಮ್ಮ ಪೌಡರ್ ಹಾಕಿದ್ರೆ ರೋಗ ಬರಲ್ಲ ಅಂತ. ಇನ್ನೊಂದು ಸಾವಿರ ಸೇರಿಸಿ ಕೊಡ್ತೀನಿ."

"ಅಣ್ಣಾ, ನಾನು ಹಂಗೆ ಬರೆದು ಯಾರದೋ ಹುಳ ಹೋದ್ರೆ, ಅವರು ನಿಮ್ಮಂಗಡಿಗೆ ಬರಲ್ಲ, ನಮ್ಮನೆ ಬಾಗಿಲಿಗೆ ಬರ್ತಾರೆ."

"ಬಂದ್ರೆ ನನ್ನ ಹತ್ರ ಕಳ್ಸು."

"ಕಳ್ಸೋದಕ್ಕೇ ಅಲ್ವಾ ನಿಮ್ಮ ಫೋನ್ ನಂಬರ್ ಹಾಕ್ತಿರೋದು? ಜಾಹೀರಾತು ಅಂತಲೇ ಹಾಕ್ತೀನಿ, ಬಂದಿಲ್ಲ ಅಂದ್ರೆ ಮುಂದಿನ ತಿಂಗಳು ಬೇಡ."

ಕಾಫಿ ಕುಡಿದು, ಮುಖ ಗಂಟು ಹಾಕಿಕೊಂಡೇ ದುಡ್ಡು ಕೊಟ್ಟು ಹೋದರು. ತಿಂಗಳಾದ ಮೇಲೆ ಅವರೇ ಫೋನ್ ಮಾಡಿ ಮುಂದುವರಿಸು ಅಂದರು. ಈಗಲೂ ಅವರ ಚೌಕ ಇದೆ. ಸುದ್ದಿಯ ವೇಷದಲ್ಲಿ ಜಾಹೀರಾತು ಹಾಕೋದು ನನ್ನ ಮರ್ಜಿಯ ವಿಷಯವೂ ಅಲ್ಲ. ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ, ಆನ್‌ಲೈನಿನಲ್ಲಿ ಜನರನ್ನ ದಾರಿ ತಪ್ಪಿಸುವ 13 ವಂಚನೆಗಳ ಪಟ್ಟಿ ಇದೆ. ಮರೆಮಾಚಿದ ಜಾಹೀರಾತು ಅದರಲ್ಲಿ ಒಂದು. ನಾಲ್ಕು ಜನಕ್ಕೆ ಈ ತಾರೀಖು ಹೇಳಿದರೆ ಮೂರು ಜನ ಸುಮ್ಮನಾಗುತ್ತಾರೆ, ಉಳಿದವನಿಗೆ ಮಾವನಿಂದ ಹೇಳಿಸುತ್ತೇನೆ.

ಹಾಗಾದರೆ ಆಡ್‌ಸೆನ್ಸ್ ಯಾಕೆ ಬೇಕು, ಎಲ್ಲ ಜಾಗವನ್ನೂ ಊರವರಿಗೇ ಕೊಡಬಹುದಲ್ಲ ಅಂತ ಯಜಮಾನರು ಕೇಳುತ್ತಿರುತ್ತಾರೆ. ಊರಿನವರು ಮಳೆಗಾಲದಲ್ಲಿ ಬರಲ್ಲ, ರೇಟು ಬಿದ್ದಾಗ ಬರಲ್ಲ, ಬಂದವರು ದುಡ್ಡು ಕೊಡೋದು ತಡ ಮಾಡುತ್ತಾರೆ. ಆಡ್‌ಸೆನ್ಸ್ ಖಾಲಿ ಚೌಕವನ್ನ ಸಾಮಾನ್ಯವಾಗಿ ಖಾಲಿ ಬಿಡಲ್ಲ. ಕಡಿಮೆಯೋ ಜಾಸ್ತಿಯೋ, ಹೇಳಿದ ತಾರೀಖಿಗೆ ಕೊಡುತ್ತದೆ. ಅಡುಗೆಗೆ ಉಪ್ಪಿನಷ್ಟೇ ಖಾತ್ರಿ ಅಂತ ನಾನೇನು ಹೊಗಳಲ್ಲ, ಆದರೆ ಲೆಕ್ಕ ಮಾತ್ರ ಚೊಕ್ಕ. ಯಾವ ಪುಟ, ಯಾವ ಜಾಗ, ಎಷ್ಟು ಸಲ ಕಂಡಿತು, ಸಾವಿರ ನೋಟಕ್ಕೆ ಎಷ್ಟು ಬಂತು ಅಂತ ದಿನವಹಿ ಸಿಗುತ್ತದೆ. ರೋಗದ ಪುಟದಲ್ಲಿ ಮೇಲಿನ ಜಾಹೀರಾತು ತೆಗೆದದ್ದರಿಂದ ಎಷ್ಟು ಕಳೆಯಿತು ಅನ್ನೋದೂ ಅದರಲ್ಲೇ ಕಾಣುತ್ತದೆ.

ಕನ್ನಡದಲ್ಲಿ, ಒಂದೇ ವಿಷಯದ ಮೇಲೆ, ದಿನಾ ಬರುವ ಓದುಗರನ್ನ ಇಟ್ಟುಕೊಂಡು ಸೈಟು ನಡೆಸುವವರು ಧೈರ್ಯವಾಗಿ ಹಾಕಿಕೊಳ್ಳಿ. ಕೆಲಸ ಬಿಟ್ಟು ಇದರ ಮೇಲೇ ನಿಲ್ಲೋಣ ಅನ್ನುವವರು ಬೇಡ. ಕನ್ನಡದಲ್ಲಿ ಜಾಹೀರಾತು ಕೊಡುವ ಕಂಪನಿಗಳು ಹೆಚ್ಚಾದ ವರ್ಷ ಬಂದು ಆ ಅರ್ಧ ಸ್ಟಾರನ್ನ ತುಂಬಿಸುತ್ತೇನೆ. ಮೂರಕ್ಕೊಂದು ಸಲ ಇಮೇಲಿಗೆ ಉತ್ತರ ಕೊಡೋಕೆ ಶುರು ಮಾಡಿದರೆ ಇನ್ನರ್ಧವನ್ನೂ.